ಅಮ್ಮನ ಟಿಎಸ್‌ಎಚ್ 11.2 ಬಂದಿದೆ, ಜಾಸ್ತಿ ಅಂದರೆ ಮಾತ್ರೆ ನಿಲ್ಲಿಸಬೇಕಾ?

ಸೋಮವಾರಪೇಟೆ ಮಗಳು
ಜುಲೈ 9, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮಮ್ಮನಿಗೆ 58 ವರ್ಷ. ಮೂರು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, 50 ಮೈಕ್ರೋಗ್ರಾಂದು. ಇಷ್ಟು ದಿನ ಚೆನ್ನಾಗಿಯೇ ಇದ್ದರು. ಈ ಮಳೆ ಹಿಡಿದಾಗಿನಿಂದ ಮಂಕಾಗಿದ್ದಾರೆ. ಬೆಳಿಗ್ಗೆ ಎದ್ದರೆ ಕೈಕಾಲು ಭಾರ, ಮುಖ ಊದಿದ ಹಾಗೆ, ಒಲೆ ಮುಂದೆ ಕೂತಿದ್ದರೂ ಶಾಲು ಬಿಡುವುದಿಲ್ಲ. ನಮ್ಮೂರ ಮಳೆಗೆ ಎಲ್ಲರಿಗೂ ಚಳಿಯೇ, ಆದರೆ ಇದು ಹಾಗಲ್ಲ, ನಾವೆಲ್ಲ ಸ್ವೆಟರ್ ಬಿಚ್ಚಿಟ್ಟಾಗಲೂ ಅವರಿಗೆ ನಡುಕ. ಬಾಚಿದರೆ ಬಾಚಣಿಗೆ ತುಂಬ ಕೂದಲು. ಹೊಟ್ಟೆ ಸರಿಯಾಗಿ ಹೋಗುತ್ತಿಲ್ಲ.

ರಕ್ತ ಪರೀಕ್ಷೆ ಮಾಡಿಸಿದೆವು. ಟಿಎಸ್‌ಎಚ್ 11.2. ಪಕ್ಕದಲ್ಲಿ 0.4ರಿಂದ 4.2 ಇರಬೇಕು ಅಂತ ಬರೆದಿದೆ, ನಮ್ಮದು ದಪ್ಪ ಅಕ್ಷರದಲ್ಲಿ ಜಾಸ್ತಿ ಅಂತ ಗುರುತು ಹಾಕಿದ್ದಾರೆ. ಅದನ್ನು ನೋಡಿ ಚಿಕ್ಕಮ್ಮ, 'ಥೈರಾಯ್ಡ್ ಜಾಸ್ತಿ ಆಗಿದೆಯಲ್ಲ, ಮತ್ತೆ ಮಾತ್ರೆ ಯಾಕೆ ತಿನ್ನುತ್ತೀಯ' ಅಂದರು. ಅಮ್ಮ ನಾಲ್ಕು ದಿನದಿಂದ ಮಾತ್ರೆ ಬಿಟ್ಟಿದ್ದಾರೆ. ದಾರಿಯಲ್ಲಿ ಮರ ಬಿದ್ದು ಬಸ್ಸು ಸರಿಯಾಗಿಲ್ಲ, ಡಾಕ್ಟರ ಹತ್ತಿರ ಹೋಗುವುದು ಸೋಮವಾರವೇ ಆಗುತ್ತದೆ. ಅಲ್ಲಿವರೆಗೆ ಏನು ಮಾಡಲಿ?

ವಿರಾಜಪೇಟೆ ಸಿಸ್ಟರ್
ಜುಲೈ 9, ರಾತ್ರಿ 9:32

ಮೊದಲು ಮಾತ್ರೆ ಶುರು ಮಾಡಿಸಮ್ಮ. ನಾಳೆ ಬೆಳಿಗ್ಗೆಯಿಂದಲೇ, ಮೊದಲಿದ್ದ 50ನ್ನೇ. ಬಿಟ್ಟ ನಾಲ್ಕನ್ನೂ ಸೇರಿಸಿ ಒಟ್ಟಿಗೆ ನುಂಗಿಸಬೇಡಿ. ಡೋಸ್ ಜಾಸ್ತಿ ಮಾಡುವುದು ಬಿಡುವುದು ಡಾಕ್ಟರು ನೋಡಿ ಹೇಳಲಿ. ಎದೆನೋವು, ಉಸಿರಾಟಕ್ಕೆ ಕಷ್ಟ, ತುಂಬ ಮಂಪರು, ಮಾತು ತೊದಲುವುದು, ಇಂಥದ್ದೇನಾದರೂ ಇದ್ದರೆ ಸೋಮವಾರದವರೆಗೆ ಕಾಯಬೇಡಿ.

ಹೆದರಬೇಡಿ. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು ಏಳು ದಿನ ಬೇಕು. ನಾಲ್ಕು ದಿನದಲ್ಲಿ ಪೂರ್ತಿ ಖಾಲಿ ಆಗಿರುವುದಿಲ್ಲ. ಆದರೆ ಟಿಎಸ್‌ಎಚ್ ಜಾಸ್ತಿ ಬಂದಾಗ ಮಾತ್ರೆ ಬಿಡುವುದು ಪೂರ್ತಿ ಉಲ್ಟಾ ಕೆಲಸ. ನಾನು ಡ್ಯೂಟಿಯಲ್ಲಿದ್ದೇನೆ, ಯಾಕೆ ಅಂತ ಬೇರೆಯವರು ವಿವರವಾಗಿ ಹೇಳಿ.

ಮಡಿಕೇರಿ ಜೀವಶಾಸ್ತ್ರ ಮೇಷ್ಟ್ರು
ಜುಲೈ 9, ರಾತ್ರಿ 10:48

ಸಿಸ್ಟರ್ ಹೇಳಿದ್ದು ಸರಿ. ಈ ಗೊಂದಲ ನಿಮ್ಮ ಚಿಕ್ಕಮ್ಮನಿಗೆ ಮಾತ್ರ ಆಗಿದ್ದಲ್ಲ. ಪಿಯುಸಿ ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಪ್ರತಿ ವರ್ಷವೂ ಇದೇ ಜಾಗದಲ್ಲಿ ಅರ್ಧ ಕ್ಲಾಸು ಎಡವುತ್ತಿತ್ತು.

ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರುವ ಹಾರ್ಮೋನು ಅಲ್ಲವೇ ಅಲ್ಲ. ಅದು ತಲೆಯೊಳಗಿಂದ ಬರುತ್ತದೆ. ಮೆದುಳಿನ ಕೆಳಗೆ, ಮೂಗಿನ ಬೇರಿನ ಹಿಂದೆ, ಕಡಲೆಕಾಳಿನಷ್ಟು ದೊಡ್ಡ ಒಂದು ಗ್ರಂಥಿ ಇದೆ, ಪಿಟ್ಯುಟರಿ. ಅದರ ಮೇಲೆ ಮೆದುಳಿನದೇ ಒಂದು ಭಾಗ, ಹೈಪೋಥಲಾಮಸ್. ಥೈರಾಯ್ಡ್ ಇರುವುದು ಗಂಟಲಿನ ಮುಂದೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ, 20 ಗ್ರಾಂ ಆಸುಪಾಸು ತೂಕ.

ಇದನ್ನು ನಮ್ಮ ತೋಟದ ಲೆಕ್ಕದಲ್ಲಿ ನೋಡಿ. ಕಾಫಿ ಕುಯ್ಲಿನ ಸಮಯ. ಯಜಮಾನರು ರೈಟರಿಗೆ, ಅಂದರೆ ತೋಟದ ಮೇಲ್ವಿಚಾರಕರಿಗೆ, ಹೇಳುತ್ತಾರೆ, ರೈಟರು ಕುಯ್ಯುವವರಿಗೆ ಹೇಳುತ್ತಾರೆ, ಕುಯ್ಯುವವರು ಚೀಲ ತುಂಬಿ ಕಣಕ್ಕೆ ತರುತ್ತಾರೆ. ಹೈಪೋಥಲಾಮಸ್ ಯಜಮಾನ, ಪಿಟ್ಯುಟರಿ ರೈಟರು, ಥೈರಾಯ್ಡ್ ಕುಯ್ಯುವವರ ಗುಂಪು. ಕಣಕ್ಕೆ ಬಂದು ಬೀಳುವ ಚೀಲವೇ ಟಿ4, ಟಿ3 ಎನ್ನುವ ನಿಜವಾದ ಥೈರಾಯ್ಡ್ ಹಾರ್ಮೋನು. ಹಾಗಾದರೆ ಟಿಎಸ್‌ಎಚ್ ಯಾವುದು? ಅದು ರೈಟರ ಕೂಗು. 'ಇನ್ನೂ ತನ್ನಿ, ಇನ್ನೂ ತನ್ನಿ' ಎನ್ನುವ ಕೂಗು.

ಚೀಲ ಕಡಿಮೆ ಬಂದಷ್ಟೂ ರೈಟರು ಜೋರಾಗಿ ಕೂಗುತ್ತಾರೆ. ಕಣ ತುಂಬಿದರೆ ಸುಮ್ಮನಾಗುತ್ತಾರೆ. 11.2 ಅಂದರೆ ಜೋರು ಕೂಗು, ಅಂದರೆ ಕಣ ಖಾಲಿ. ನಿಮ್ಮಮ್ಮನಿಗೆ ಚಳಿ, ಸುಸ್ತು, ಮಲಬದ್ಧತೆ, ಕೂದಲು ಉದುರುವುದು, ಎಲ್ಲವೂ ಖಾಲಿ ಕಣದ ಲಕ್ಷಣಗಳೇ. ಥೈರಾಯ್ಡ್ ಹಾರ್ಮೋನು ಮೈಯ ಬಹುಪಾಲು ಜೀವಕೋಶಗಳಿಗೆ ಕೆಲಸದ ವೇಗ ಹೇಳಿಕೊಡುತ್ತದೆ. ಅದು ಕಡಿಮೆಯಾದರೆ ಹೃದಯ ನಿಧಾನ, ಕರುಳು ನಿಧಾನ, ಮೈಯಲ್ಲಿ ಹುಟ್ಟುವ ಶಾಖವೂ ಕಡಿಮೆ. ಶಾಲು ಹೊದ್ದರೂ ಚಳಿ ಬಿಡದಿರುವುದು ಅದಕ್ಕೇ.

ಇದೇ ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೆ ಆಗ ರೈಟರು ಬಾಯಿ ಮುಚ್ಚುತ್ತಾರೆ. ಟಿಎಸ್‌ಎಚ್ 0.01 ಅಂತ ಬರುತ್ತದೆ. ಎದೆ ಡವಗುಟ್ಟುತ್ತದೆ, ಬೆವರು, ಕೈ ನಡುಕ, ಎಷ್ಟು ತಿಂದರೂ ತೂಕ ಇಳಿಯುತ್ತದೆ.

ಸೋಮವಾರಪೇಟೆ ಮಗಳು
ಜುಲೈ 10, ಬೆಳಿಗ್ಗೆ 7:05

ಮೇಷ್ಟ್ರೇ, ರಾತ್ರಿಯೇ ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪ ಮೊದಲು ತೋಟದಲ್ಲಿ ರೈಟರಾಗಿದ್ದವರು, ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅಮ್ಮ ಈಗ ಮಾತ್ರೆ ತೆಗೆದುಕೊಂಡರು. ಆದರೆ ಒಂದು ಅನುಮಾನ. ಮೂರು ವರ್ಷ ಇದೇ 50ರಲ್ಲಿ ಸರಿಯಿತ್ತು, ಕಳೆದ ನವೆಂಬರ್‌ನಲ್ಲಿ 3.1 ಇತ್ತು. ಈಗ ಯಾಕೆ ಕಣ ಖಾಲಿ ಆಯಿತು?

ಕುಶಾಲನಗರ ಮೆಡಿಕಲ್ಸ್
ಜುಲೈ 10, ಬೆಳಿಗ್ಗೆ 8:20

ಔಷಧಿ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದೇನೆ. ಕೆಲವು ಪ್ರಶ್ನೆ ಕೇಳುತ್ತೇನೆ ಅಕ್ಕ, ಸರಿಯಾಗಿ ನೋಡಿ ಹೇಳಿ. ಅಮ್ಮ ಮಾತ್ರೆಯನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತಾರೆ? ಯಾವುದರ ಜೊತೆ? ಈಚೆಗೆ ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ, ಕ್ಯಾಲ್ಸಿಯಂ, ಐರನ್, ಗ್ಯಾಸಿನದು? ಕೂದಲಿಗೆ ಅಂತ ಬಯೋಟಿನ್ ವಿಟಮಿನ್ ಏನಾದರೂ?

ಸೋಮವಾರಪೇಟೆ ಮಗಳು
ಜುಲೈ 10, ಬೆಳಿಗ್ಗೆ 8:41

ಈಗ ಹೋಗಿ ಕೇಳಿ ಬಂದೆ. ಬೆಳಿಗ್ಗೆ ಆರಕ್ಕೆ ಬೆಲ್ಲದ ಕಾಫಿ ಜೊತೆಯೇ ನುಂಗುತ್ತಾರಂತೆ! ಮೊದಲು ನೀರಿನಲ್ಲಿ ತೆಗೆದುಕೊಂಡು ಹಾಲು ಕರೆದು ಬಂದ ಮೇಲೆ ಕಾಫಿ ಕುಡಿಯುತ್ತಿದ್ದರು. ಹಸು ಮಾರಿದ ಮೇಲೆ ಎದ್ದ ತಕ್ಷಣ ಕಾಫಿ. ಮೇ ತಿಂಗಳಲ್ಲಿ ಮಂಡಿನೋವಿಗೆ ಕ್ಯಾಲ್ಸಿಯಂ ಬರೆದುಕೊಟ್ಟಿದ್ದಾರೆ, ಮರೆತು ಹೋಗಬಾರದು ಅಂತ ಅದನ್ನೂ ಇದರ ಜೊತೆಗೇ ಹಾಕಿಕೊಳ್ಳುತ್ತಾರೆ. ಬಯೋಟಿನ್ ಇಲ್ಲ.

ಕುಶಾಲನಗರ ಮೆಡಿಕಲ್ಸ್
ಜುಲೈ 10, ಬೆಳಿಗ್ಗೆ 9:02

ನನಗೆ ಇದೇ ಕಾರಣ ಅನ್ನಿಸುತ್ತಿದೆ. ಡಾಕ್ಟರಿಗೆ ತಪ್ಪದೆ ಹೇಳಿ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಐರನ್ ಮಾತ್ರೆಯೂ ಹಾಗೆಯೇ. ಎರಡಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕಾಫಿ ಕೂಡ ಮಾತ್ರೆ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ. ನಮ್ಮ ಜಿಲ್ಲೆಯಲ್ಲಿ ಈ ಮಾತು ಹೇಳುವುದೇ ಕಷ್ಟ. ಕಾಫಿ ಬೆಳೆಯುವವರಿಗೆ ಎದ್ದ ಕೂಡಲೇ ಕಾಫಿ ಕುಡಿಯಬೇಡಿ ಅಂದರೆ ಮುಖ ಸಪ್ಪಗಾಗುತ್ತದೆ. ಆದರೂ ಪ್ರತಿಯೊಬ್ಬರಿಗೂ ಹೇಳಿಯೇ ಚೀಟಿ ಕೊಡುತ್ತೇನೆ.

ಬಯೋಟಿನ್ ಯಾಕೆ ಕೇಳಿದೆ ಅಂದರೆ, ಅದು ಮೈಗೆ ಏನೂ ಮಾಡದಿದ್ದರೂ ಪರೀಕ್ಷೆಯನ್ನು ಕೆಡಿಸುತ್ತದೆ. ಎಷ್ಟೋ ಲ್ಯಾಬಿನ ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಜಾಸ್ತಿ ತೋರಿಸಬಹುದು. ಕೂದಲು ಉದುರುತ್ತದೆ ಅಂತ ಬಯೋಟಿನ್ ತಿನ್ನುತ್ತಾರೆ, ಕೂದಲು ಉದುರುವುದಕ್ಕೆ ಕಾರಣವಾದ ಥೈರಾಯ್ಡ್ ಕೊರತೆಯನ್ನು ಅದೇ ಬಯೋಟಿನ್ ಮುಚ್ಚಿಡುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ ಅಂತ ಕೇಳಿ ಬಂದವರಿಗೆಲ್ಲ ಹೇಳುತ್ತೇನೆ.

ನಾಪೋಕ್ಲು ಸ್ಟೂಡೆಂಟ್
ಜುಲೈ 10, ಸಂಜೆ 6:15

ಮೇಷ್ಟ್ರೇ, ಮಧ್ಯೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆವರಿನದ್ದೂ ಗ್ರಂಥಿ, ಜೊಲ್ಲಿನದ್ದೂ ಗ್ರಂಥಿ, ಥೈರಾಯ್ಡ್ ಕೂಡ ಗ್ರಂಥಿ. ವ್ಯತ್ಯಾಸ ಏನು? ಹಾರ್ಮೋನು ಎಲ್ಲಾ ಕಡೆ ಹೋಗುತ್ತದೆ ಅಂದರೆ ಬೇರೆ ಅಂಗಗಳು ಯಾಕೆ ಸುಮ್ಮನಿರುತ್ತವೆ?

ಮಡಿಕೇರಿ ಜೀವಶಾಸ್ತ್ರ ಮೇಷ್ಟ್ರು
ಜುಲೈ 10, ರಾತ್ರಿ 8:30

ಒಳ್ಳೆಯ ಪ್ರಶ್ನೆ ಮಗು. ಬೆವರು, ಜೊಲ್ಲು, ಕಣ್ಣೀರಿನ ಗ್ರಂಥಿಗಳಿಗೆ ನಾಳ ಇದೆ. ತಯಾರಾದದ್ದು ಆ ನಾಳದಲ್ಲಿ ಹರಿದು ಒಂದು ಜಾಗಕ್ಕೆ ಹೋಗುತ್ತದೆ. ಕಾಲಿಗೆ ಜಿಗಣೆ ಹತ್ತಿದಾಗ ಕಿತ್ತರೂ ಎಷ್ಟೋ ಹೊತ್ತು ರಕ್ತ ನಿಲ್ಲುವುದಿಲ್ಲ ಅಲ್ವಾ? ಜಿಗಣೆಯ ಜೊಲ್ಲಿನ ಗ್ರಂಥಿಯಿಂದ ಬಂದ ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದು ನಾಳದಲ್ಲಿ ಬಂದು ಕಚ್ಚಿದ ಜಾಗದಲ್ಲಿ ಕೆಲಸ ಮಾಡುತ್ತದೆ, ಅಷ್ಟೇ. ಥೈರಾಯ್ಡ್, ಪಿಟ್ಯುಟರಿ, ಅಡ್ರಿನಲ್ ಇವಕ್ಕೆ ನಾಳ ಇಲ್ಲ. ಅದಕ್ಕೇ ನಿರ್ನಾಳ ಗ್ರಂಥಿಗಳು ಅನ್ನುತ್ತೇವೆ. ಇವು ಹಾರ್ಮೋನನ್ನು ನೇರ ರಕ್ತಕ್ಕೆ ಬಿಡುತ್ತವೆ. ಮೇದೋಜೀರಕ ಗ್ರಂಥಿ ಎರಡೂ ಕೆಲಸ ಮಾಡುತ್ತದೆ, ಜೀರ್ಣರಸ ನಾಳದಲ್ಲಿ ಕರುಳಿಗೆ, ಇನ್ಸುಲಿನ್ ರಕ್ತಕ್ಕೆ.

ಎರಡನೆಯದು. ರಕ್ತದಲ್ಲಿ ಹಾರ್ಮೋನು ಎಲ್ಲರ ಮನೆ ಬಾಗಿಲಿಗೂ ಹೋಗುತ್ತದೆ, ಆದರೆ ಕೀಲಿಗೆ ಸರಿಹೊಂದುವ ಬೀಗ ಇರುವ ಮನೆಯಲ್ಲಿ ಮಾತ್ರ ಬಾಗಿಲು ತೆರೆಯುತ್ತದೆ. ಆ ಬೀಗವೇ ಗ್ರಾಹಕ. ಟಿಎಸ್‌ಎಚ್‌ನ ಬೀಗ ಮುಖ್ಯವಾಗಿ ಇರುವುದು ಥೈರಾಯ್ಡ್ ಜೀವಕೋಶಗಳ ಮೇಲೆ. ಥೈರಾಯ್ಡ್ ಹಾರ್ಮೋನಿನ ಬೀಗ ಮೈಯಲ್ಲಿ ಬಹುತೇಕ ಎಲ್ಲಾ ಕಡೆ ಇದೆ. ಇದು ಕಡಿಮೆಯಾದಾಗ ಕೂದಲಿನಿಂದ ಕರುಳಿನವರೆಗೆ ತೊಂದರೆ ಕಾಣುವುದಕ್ಕೆ ಕಾರಣವೂ ಅದೇ.

ಹಾರ್ಮೋನು ಎಂಬ ಮಾತು ಬಂದದ್ದು ಹೊಟ್ಟೆಯ ವಿಷಯದಿಂದ ಎಂದು ಗೊತ್ತಾ? ಲಂಡನ್ನಿನಲ್ಲಿ 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ನಾಯಿಯ ಸಣ್ಣ ಕರುಳಿನ ತುಣುಕಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದಕ್ಕೆ ಆಮ್ಲ ಹಾಕಿ ನೋಡಿದರು. ನರ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಅಂದರೆ ಸುದ್ದಿ ರಕ್ತದಲ್ಲಿ ಹೋಗಿದೆ! ಆ ವಸ್ತುವಿಗೆ ಸೆಕ್ರೆಟಿನ್ ಅಂತ ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ಸುದ್ದಿಗಾರರಿಗೆಲ್ಲ ಹಾರ್ಮೋನು ಅಂದರು, ಗ್ರೀಕ್ ಭಾಷೆಯ ಬಡಿದೆಬ್ಬಿಸು ಎನ್ನುವ ಅರ್ಥದ ಮಾತಿನಿಂದ. ಅದಕ್ಕೂ ಮೊದಲು ಮೈಯೊಳಗಿನ ಸುದ್ದಿಯೆಲ್ಲ ನರದಲ್ಲೇ ಓಡಾಡುತ್ತದೆ ಎಂದೇ ಹೆಚ್ಚಿನವರು ನಂಬಿದ್ದರು. ನನಗೆ ಈ ಪ್ರಯೋಗ ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಪೊನ್ನಂಪೇಟೆ ಅಣ್ಣ
ಜುಲೈ 10, ರಾತ್ರಿ 9:15

ಮೇಷ್ಟ್ರೇ, ಹಾಗಾದರೆ ಪಂದಿ ಕರಿ ತಿಂದ ಎರಡು ಗಂಟೆಗೆ ನನಗೆ ಬಲ ಪಕ್ಕೆಯ ಕೆಳಗೆ ಹಿಂಡಿದ ಹಾಗೆ ನೋವು ಬರುತ್ತದೆ, ಅದಕ್ಕೂ ಹಾರ್ಮೋನಿಗೂ ಸಂಬಂಧ ಇದೆಯಾ?

ವಿರಾಜಪೇಟೆ ಸಿಸ್ಟರ್
ಜುಲೈ 10, ರಾತ್ರಿ 9:40

ಇರಬಹುದು ಅಣ್ಣ. ಕೊಬ್ಬು ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಅಂತ ಒಂದು ಹಾರ್ಮೋನು ಬರುತ್ತದೆ. ಅದು ಪಿತ್ತಕೋಶವನ್ನು ಹಿಂಡುತ್ತದೆ, ಕೊಬ್ಬು ಕರಗಿಸಲು ಪಿತ್ತರಸ ಬೇಕಲ್ಲ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಆಗ ನೋವು ಬರುತ್ತದೆ. ಒಂದು ಸ್ಕ್ಯಾನ್ ಮಾಡಿಸಿ, ಗ್ಯಾಸ್ ಅಂತ ತಳ್ಳಿಹಾಕಬೇಡಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ ಅವತ್ತೇ ಹೋಗಿ.

ಸಿದ್ದಾಪುರ ರೈಟರ್
ಜುಲೈ 11, ಮಧ್ಯಾಹ್ನ 1:20

ನಮ್ಮ ಕೆಲಸವನ್ನು ಪಿಟ್ಯುಟರಿಗೆ ಹೋಲಿಸಿದ್ದು ಓದಿ ತುಂಬ ಖುಷಿಯಾಯಿತು. ನನ್ನದೂ ಒಂದು ಅನುಭವ. ಕಳೆದ ವರ್ಷ ಮುಂಜಾನೆ ಲೈನ್ ಮನೆ ಕಡೆಗೆ ಹೋಗುವಾಗ ತಿರುವಿನಲ್ಲಿ ಆನೆ. ನನಗೂ ಅದಕ್ಕೂ ನಡುವೆ ಹದಿನೈದು ಹೆಜ್ಜೆ ಇರಬಹುದು, ಒಂಟಿ ಸಲಗ. ಏನು ಯೋಚಿಸಿದೆ ಅಂತ ಈಗಲೂ ಗೊತ್ತಿಲ್ಲ, ಓಡಿದ್ದು ಗೊತ್ತು, ಬೇಲಿ ಹಾರಿದ್ದು ಗೊತ್ತು. ಮೊಣಕಾಲಿನ ಹತ್ತಿರ ಮುಳ್ಳುತಂತಿ ಉದ್ದಕ್ಕೆ ಸೀಳಿತ್ತು, ಮನೆಗೆ ಬಂದು ರಕ್ತ ನೋಡುವವರೆಗೆ ನೋವೇ ಇರಲಿಲ್ಲ. ಆಮೇಲೆ ಅರ್ಧ ಗಂಟೆ ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗಲಿಲ್ಲ. ಅವತ್ತು ಆನೆ ನಮ್ಮ ಕೊಟ್ಟಿಗೆ ಪಕ್ಕದಲ್ಲೇ ಹಾದು ಹೋಗಿತ್ತು. ಬೆಳಿಗ್ಗೆ ಹಸು ಹಾಲು ಇಳಿಸಲೇ ಇಲ್ಲ, ಕರು ಬಿಟ್ಟರೂ ಇಲ್ಲ. ಇದೂ ಹಾರ್ಮೋನಾ?

ಮಡಿಕೇರಿ ಜೀವಶಾಸ್ತ್ರ ಮೇಷ್ಟ್ರು
ಜುಲೈ 11, ರಾತ್ರಿ 8:05

ಹೌದು. ದೇವರ ದಯೆ, ನೀವು ಉಳಿದಿರಿ. ಎರಡೂ ಮೂತ್ರಪಿಂಡಗಳ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಇದೆ. ಅದರ ಒಳಭಾಗಕ್ಕೆ ನೇರ ನರದ ಸಂಪರ್ಕ. ರೈಟರು, ಯಜಮಾನರು ಅಂತ ಕಾಯುವ ವ್ಯವಸ್ಥೆ ಅಲ್ಲಿಲ್ಲ. ಕಣ್ಣಿಗೆ ಆನೆ ಬಿದ್ದ ಕ್ಷಣದಲ್ಲೇ ಅಡ್ರಿನಲಿನ್ ರಕ್ತಕ್ಕೆ ಬೀಳುತ್ತದೆ. ಹೃದಯ ಜೋರಾಗುತ್ತದೆ, ಲಿವರ್ ಸಕ್ಕರೆ ಬಿಡುತ್ತದೆ, ರಕ್ತ ಹೊಟ್ಟೆ ಬಿಟ್ಟು ಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಆ ಹೊತ್ತಿಗೆ ನೋವನ್ನು ಮೆದುಳೇ ಅದುಮಿ ಹಿಡಿಯುತ್ತದೆ. ಅಡ್ರಿನಲಿನ್ ರಕ್ತದಲ್ಲಿ ಒಂದೆರಡು ನಿಮಿಷಕ್ಕೇ ಕರಗುತ್ತಾ ಹೋಗುತ್ತದೆ, ಆದರೆ ಭಯ ಇದ್ದಷ್ಟು ಹೊತ್ತು ಗ್ರಂಥಿ ಮತ್ತೆ ಮತ್ತೆ ಸುರಿಸುತ್ತಲೇ ಇರುತ್ತದೆ. ಅದರ ಹಿಂದೆಯೇ ಹೊರಪದರದಿಂದ ಕಾರ್ಟಿಸಾಲ್ ಬರುತ್ತದೆ, ಅದು ನಿಧಾನ, ಹೆಚ್ಚು ಹೊತ್ತು ನಿಲ್ಲುತ್ತದೆ.

ಹಸುವಿನ ವಿಷಯ ಇನ್ನೂ ಸೊಗಸಾಗಿದೆ. ಕರು ಮೂತಿ ತಾಗಿಸಿದಾಗ ಹಸುವಿನ ಪಿಟ್ಯುಟರಿಯಿಂದ ಆಕ್ಸಿಟೋಸಿನ್ ಬಂದು ಕೆಚ್ಚಲಿನೊಳಗಿನ ಹಾಲನ್ನು ಕೆಳಗೆ ತಳ್ಳುತ್ತದೆ. ಹೆದರಿದ ಹಸುವಿನಲ್ಲಿ ಅಡ್ರಿನಲಿನ್ ಅದಕ್ಕೆ ಅಡ್ಡ ಬರುತ್ತದೆ. ಕೆಚ್ಚಲಿನಲ್ಲಿ ಹಾಲಿತ್ತು, ಇಳಿಸುವ ಸುದ್ದಿ ಕೆಲಸ ಮಾಡಲಿಲ್ಲ. ಬಾಣಂತಿಯರಿಗೂ ಹೀಗೇ. ಹಾಲು ಬರುತ್ತಿಲ್ಲ ಅಂತ ಮನೆಯವರು ಬೈದರೆ, ಹೆದರಿಸಿದರೆ, ಹಾಲು ಇಳಿಯುವುದು ಇನ್ನೂ ಕಷ್ಟವಾಗುತ್ತದೆ. ಇದನ್ನು ಅತ್ತೆಯಂದಿರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಕುಶಾಲನಗರ ಮೆಡಿಕಲ್ಸ್
ಜುಲೈ 11, ರಾತ್ರಿ 9:30

ಮೇಷ್ಟ್ರು ಕಾರ್ಟಿಸಾಲ್ ಹೆಸರೆತ್ತಿದ್ದಕ್ಕೆ ನಮ್ಮ ದೊಡ್ಡಪ್ಪನ ಕಥೆ ಹೇಳಲೇಬೇಕು. ಅವರಿಗೆ ಮಂಡಿನೋವು. ಸಂತೆಯಲ್ಲಿ ಯಾರೋ ಮಾರುತ್ತಿದ್ದ ಪುಡಿ ತಂದು ಎಂಟು ತಿಂಗಳು ತಿಂದರು. ಹೆಸರಿಲ್ಲ, ಚೀಟಿ ಇಲ್ಲ, ಬರೀ ಪೊಟ್ಟಣ. ನೋವು ಮಾಯವಾದಂತೆ ಆಯಿತು, ಮುಖ ದುಂಡಗಾಯಿತು, ನಾವೆಲ್ಲ ದೊಡ್ಡಪ್ಪ ಮೈಕೈ ತುಂಬಿಕೊಂಡರು ಅಂತ ಖುಷಿಪಟ್ಟೆವು. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಪುಡಿ ಮುಗಿಯಿತು. ಐದನೇ ದಿನಕ್ಕೆ ವಾಂತಿ, ತಲೆಸುತ್ತು, ಬಿಪಿ ಪೂರ್ತಿ ಇಳಿದು ಐಸಿಯು ಸೇರಿದರು. ಪುಡಿಯಲ್ಲಿ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್ ಹಾಗೆಯೇ ಕೆಲಸ ಮಾಡುವ ಔಷಧಿ, ಇತ್ತು ಅಂತ ಅಲ್ಲಿನ ಡಾಕ್ಟರು ಹೇಳಿದರು. ಬದುಕಿದರು, ಆದರೆ ಒಂದು ವರ್ಷ ಒದ್ದಾಡಿದರು.

ಇದೂ ರೈಟರ ಲೆಕ್ಕವೇ. ಹೊರಗಿನಿಂದ ಚೀಲ ಬಂದು ಬಂದು ಕಣದಲ್ಲಿ ಬಿದ್ದರೆ ರೈಟರು ಕೂಗುವುದನ್ನೇ ಬಿಡುತ್ತಾರೆ. ಕೂಗು ಇಲ್ಲದೆ ಅಡ್ರಿನಲ್ ಗ್ರಂಥಿ ಸೊರಗಿ ಮಲಗುತ್ತದೆ. ಒಂದು ದಿನ ಹೊರಗಿನ ಚೀಲ ಥಟ್ಟನೆ ನಿಂತರೆ ಕಣದಲ್ಲಿ ಏನೂ ಇಲ್ಲ, ಎಬ್ಬಿಸುವವರೂ ಇಲ್ಲ, ಎದ್ದು ಕೆಲಸ ಮಾಡುವವರೂ ಇಲ್ಲ. ಡಾಕ್ಟರೇ ಬರೆದ ಸ್ಟೀರಾಯ್ಡ್ ಆದರೂ ಮೂರು ವಾರಕ್ಕಿಂತ ಜಾಸ್ತಿ ತಿಂದಿದ್ದರೆ ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಉಬ್ಬಸಕ್ಕೆ, ಸಂಧಿವಾತಕ್ಕೆ ಸ್ಟೀರಾಯ್ಡ್ ಒಳ್ಳೆಯ ಔಷಧಿ, ಜೀವ ಉಳಿಸುತ್ತದೆ. ಹೆಸರಿಲ್ಲದ ಪೊಟ್ಟಣದ ಬಗ್ಗೆ ಮಾತ್ರ ನನಗೆ ಸಿಟ್ಟಿದೆ.

ಭಾಗಮಂಡಲ ಅಕ್ಕ
ಜುಲೈ 12, ಬೆಳಿಗ್ಗೆ 10:10

ಕೊಡಗಿನ ಕಕ್ಕಡ ತಿಂಗಳು ಬರುತ್ತಿದೆ. ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಅದರಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಥೈರಾಯ್ಡ್‌ಗೂ ಆಗುತ್ತದಾ? ಇನ್ನೊಂದು, ಕಳಲೆ (ಬಿದಿರಿನ ಮೊಳಕೆ) ತಿನ್ನಬಾರದು, ಕೋಸು ತಿನ್ನಬಾರದು ಅಂತ ಒಬ್ಬರು ಹೇಳಿದರು. ಮಳೆಗಾಲದಲ್ಲಿ ಕಳಲೆಯ ಬೈಂಬಳೆ ಕರಿ ಇಲ್ಲದೆ ಹೇಗೆ?

ವಿರಾಜಪೇಟೆ ಸಿಸ್ಟರ್
ಜುಲೈ 12, ಮಧ್ಯಾಹ್ನ 2:45

ಅಕ್ಕ, ಪಾಯಸ ತಿನ್ನಿ, ನಾನೂ ಮಾಡುತ್ತೇನೆ. ಅದು ನಮ್ಮ ಊಟ, ನಮ್ಮ ಹಬ್ಬ. ಆದರೆ ಥೈರಾಯ್ಡ್ ಮಾತ್ರೆಯ ಬದಲಿಗೆ ಅಲ್ಲ. ಸೊರಗಿದ ಥೈರಾಯ್ಡ್ ಮಾಡಲಾಗದ ಹಾರ್ಮೋನನ್ನೇ ಆ ಮಾತ್ರೆಯಲ್ಲಿ ಕೊಡುವುದು. ಅದು ಸೊಪ್ಪಿನಲ್ಲಿ ಇಲ್ಲ. ಪಾಯಸ ತಿಂದ ಮೇಲೆ ಮೂತ್ರ ಕೆಂಪಗೆ ಬರುತ್ತದೆ ಅಲ್ವಾ? ಸೊಪ್ಪಿನ ಬಣ್ಣ ರಕ್ತಕ್ಕೆ ಸೇರಿ ಮೂತ್ರಪಿಂಡದಿಂದ ಹೊರಗೆ ಬಂತು ಅಂತ ಅರ್ಥ. ಹಾರ್ಮೋನುಗಳೂ ಹೀಗೆ ಮೂತ್ರದಲ್ಲಿ ಸಿಗುತ್ತವೆ. ಗರ್ಭಿಣಿಯಾ ಅಂತ ನೋಡುವ ಕಡ್ಡಿ ಹುಡುಕುವುದು ಹಾರ್ಮೋನನ್ನೇ, ಮುಂದೆ ಮಾಸುಚೀಲವಾಗುವ ಜೀವಕೋಶಗಳಿಂದ ಬರುವ ಎಚ್‌ಸಿಜಿಯನ್ನು.

ಕಳಲೆಯ ಮಾತಿನಲ್ಲಿ ನಿಜ ಇದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಸ್ತು ಇರುತ್ತದೆ. ಮೈಯಲ್ಲಿ ಅದು ಥಯೋಸಯನೇಟ್ ಆಗಿ, ಥೈರಾಯ್ಡ್ ಅಯೋಡಿನ್ ಎಳೆದುಕೊಳ್ಳುವುದಕ್ಕೆ ಅಡ್ಡ ನಿಲ್ಲುತ್ತದೆ. ನಮ್ಮಜ್ಜಿಯರು ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಬೇಯಿಸಿ, ಆ ನೀರನ್ನೂ ಚೆಲ್ಲುತ್ತಿದ್ದರಲ್ಲ, ಅದರಿಂದ ಆ ವಸ್ತು ಬಹಳಷ್ಟು ಹೋಗುತ್ತದೆ. ಅವಸರಕ್ಕೆ ಆ ನೆನೆಸುವ ಕೆಲಸವನ್ನು ಬಿಡಬೇಡಿ. ಹೀಗೆ ಮಾಡಿ ಸೀಸನ್ನಿನಲ್ಲಿ ಕೆಲವು ಸಲ ತಿಂದರೆ, ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಹೆದರುವಂಥದ್ದಿಲ್ಲ. ಬೇಯಿಸಿದ ಕೋಸಿಗೂ ಅಷ್ಟೇ.

ಮಡಿಕೇರಿ ಜೀವಶಾಸ್ತ್ರ ಮೇಷ್ಟ್ರು
ಜುಲೈ 12, ರಾತ್ರಿ 9:20

ಉಪ್ಪಿನ ಮಾತು ಬಂತು, ಸ್ವಲ್ಪ ಸೇರಿಸುತ್ತೇನೆ. ಟಿ4 ಎಂಬುದರಲ್ಲಿ 4 ಅಂದರೆ ನಾಲ್ಕು ಅಯೋಡಿನ್ ಪರಮಾಣು. ಅಯೋಡಿನ್ ಇಲ್ಲದೆ ಈ ಹಾರ್ಮೋನೇ ಇಲ್ಲ. ಸಾವಿರಾರು ವರ್ಷದ ಮಳೆ ಗುಡ್ಡದ ಮಣ್ಣಿನ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಒಯ್ದಿರುತ್ತದೆ. ಗುಡ್ಡಗಾಡಿನ ಜನರಲ್ಲಿ ಗಳಗಂಡ ಹೆಚ್ಚಾಗಿ ಕಾಣುತ್ತಿದ್ದುದು ಇದರಿಂದ. ಅಯೋಡಿನ್ ಸಿಗದೆ ಚೀಲ ತುಂಬುವುದಿಲ್ಲ, ರೈಟರು ಕೂಗುತ್ತಲೇ ಇರುತ್ತಾರೆ, ಆ ಕೂಗಿಗೆ ಗ್ರಂಥಿ ಬೆಳೆದು ಬೆಳೆದು ಕೊರಳು ಊದುತ್ತದೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರು ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ. ಮಳೆಗಾಲದಲ್ಲಿ ಉಪ್ಪನ್ನು ತೆರೆದ ಡಬ್ಬಿಯಲ್ಲಿ ಒಲೆ ಪಕ್ಕ ಇಡಬೇಡಿ, ತೇವಕ್ಕೂ ಬಿಸಿಗೂ ಅಯೋಡಿನ್ ಹಾರಿಹೋಗುತ್ತದೆ.

ಆದರೆ ಹಾಗಂತ ಮಗಳೇ, ಅಮ್ಮನಿಗೆ ಉಪ್ಪು ಜಾಸ್ತಿ ಹಾಕಬೇಡಿ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಕೊರತೆಗೆ ಮುಖ್ಯ ಕಾರಣ ಬೇರೆ. ಮೈಯ ರಕ್ಷಣಾ ಪಡೆಯೇ ದಾರಿ ತಪ್ಪಿ ಥೈರಾಯ್ಡ್ ಮೇಲೆ ಬೀಳುತ್ತದೆ. 1912ರಲ್ಲಿ ಅದನ್ನು ವಿವರಿಸಿದ ಜಪಾನಿನ ವೈದ್ಯ ಹಶಿಮೋಟೋ ಅವರ ಹೆಸರೇ ಆ ಕಾಯಿಲೆಗೆ ಇದೆ. ಅಲ್ಲಿ ಅತಿಯಾದ ಅಯೋಡಿನ್ ತೊಂದರೆ ಕೊಡಬಹುದು.

ಗೋಣಿಕೊಪ್ಪ ಸೊಸೆ
ಜುಲೈ 13, ಬೆಳಿಗ್ಗೆ 11:00

ನನಗೆ ಈಗ ಒಂಬತ್ತು ವಾರ. ಮೊದಲಿನಿಂದ ಥೈರಾಯ್ಡ್ ಮಾತ್ರೆ ಇದೆ, 75. ವಾಕರಿಕೆಗೆ ಮಾತ್ರೆಯೂ ಹೊರಗೆ ಬರುತ್ತದೆ. ಮಗುವಿಗೆ ಒಳ್ಳೆಯದಲ್ಲ ಅಂತ ಅತ್ತೆ ನಿಲ್ಲಿಸಲು ಹೇಳುತ್ತಿದ್ದಾರೆ. ಸಿಸ್ಟರ್, ಏನು ಮಾಡಲಿ?

ವಿರಾಜಪೇಟೆ ಸಿಸ್ಟರ್
ಜುಲೈ 13, ಬೆಳಿಗ್ಗೆ 11:25

ನಿಲ್ಲಿಸಬೇಡಮ್ಮ. ಈ ವಾರವೇ ನಿನ್ನ ಡಾಕ್ಟರಿಗೆ ತೋರಿಸು. ಮಗುವಿನ ಥೈರಾಯ್ಡ್ ಸುಮಾರು ಹನ್ನೆರಡು ವಾರದ ಹೊತ್ತಿಗೆ ಕೆಲಸ ಶುರು ಮಾಡುತ್ತದೆ, ಚೆನ್ನಾಗಿ ಹಾರ್ಮೋನು ಮಾಡಲು ಇನ್ನೂ ಕೆಲವು ವಾರ ಬೇಕು. ಅಲ್ಲಿವರೆಗೆ ಅದರ ಮೆದುಳು ಬೆಳೆಯುವುದು ನಿನ್ನ ಹಾರ್ಮೋನಿನಲ್ಲೇ. ಗರ್ಭಿಣಿಯರಿಗೆ ಡೋಸ್ ಸಾಮಾನ್ಯವಾಗಿ ಜಾಸ್ತಿಯೇ ಬೇಕಾಗುತ್ತದೆ. ಅತ್ತೆಗೆ ಇದನ್ನು ತೋರಿಸು, ಅವರಿಗೂ ಮೊಮ್ಮಗುವಿನ ಮೇಲಿನ ಪ್ರೀತಿಯೇ ಅಲ್ವಾ, ಗೊತ್ತಿಲ್ಲದೆ ಹೇಳಿದ್ದಾರೆ. ವಾಂತಿಗೆ ಮಾತ್ರೆ ಹೊರಗೆ ಬರುತ್ತಿದ್ದರೆ ಅದನ್ನೂ ಹೇಳು, ಬೇರೆ ಹೊತ್ತಿಗೆ ಬದಲಿಸಿ ಕೊಡುತ್ತಾರೆ. ಐರನ್ ಶುರುವಾದಾಗ ನಾಲ್ಕು ಗಂಟೆಯ ಅಂತರ ನೆನಪಿಡು.

ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಿಸು, ಕೇಳಿಯೇ ಮಾಡಿಸು. ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಸರಿಯಿರುವುದಿಲ್ಲ. ಹುಟ್ಟಿದಾಗ ಮುದ್ದಾಗಿಯೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬೇರೆ ಮಕ್ಕಳ ಹಾಗೆಯೇ ಓದಿ ಬೆಳೆಯುತ್ತದೆ. ತಡವಾದರೆ ಬುದ್ಧಿಗೆ ಆದ ನಷ್ಟ ವಾಪಸ್ ಬರುವುದಿಲ್ಲ. ತಡವಾಗಿ ಬಂದ ಒಂದು ಮಗುವನ್ನು ನಾನು ನೋಡಿದ್ದೇನೆ. ಆ ತಾಯಿ ಮುಖ ಮರೆಯಲು ಆಗಿಲ್ಲ.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಿಎಸ್‌ಎಚ್ ಒಂದೇ ನೋಡಿ ಎಲ್ಲವೂ ಸರಿ ಅನ್ನಲು ಆಗುವುದಿಲ್ಲ. ಹೆರಿಗೆಯಲ್ಲಿ ತುಂಬ ರಕ್ತ ಹೋದ ಒಬ್ಬ ತಾಯಿ ಇದ್ದರು. ಆಮೇಲೆ ಎದೆಹಾಲು ಬರಲೇ ಇಲ್ಲ, ಮುಟ್ಟು ತಿರುಗಿ ಬರಲಿಲ್ಲ. ವರ್ಷಗಟ್ಟಲೆ ಸುಸ್ತು, ಎಲ್ಲರೂ ಸೋಮಾರಿ ಅಂದರು. ಟಿಎಸ್‌ಎಚ್ ಸರಿಯಾಗಿಯೇ ಕಾಣುತ್ತಿತ್ತು. ಮೇಷ್ಟ್ರ ಲೆಕ್ಕದಲ್ಲಿ ಹೇಳಿದರೆ ಕಾಯಿಲೆ ಬಿದ್ದವರು ರೈಟರೇ! ಬಸುರಿನಲ್ಲಿ ಪಿಟ್ಯುಟರಿ ದೊಡ್ಡದಾಗಿರುತ್ತದೆ, ಅದಕ್ಕೆ ರಕ್ತ ಜಾಸ್ತಿ ಬೇಕು, ಹೆರಿಗೆಯಲ್ಲಿ ರಕ್ತ ಸೋರಿದಾಗ ಅದು ಒಣಗಿಹೋಗಬಹುದು. ಕಣ ಖಾಲಿ, ಕೂಗಲು ರೈಟರಿಗೆ ಶಕ್ತಿ ಇಲ್ಲ. ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಟಿ4 ಎಷ್ಟಿದೆ ಅಂತ ನೋಡಿದಾಗಲೇ ಗೊತ್ತಾಗಿದ್ದು.

ನಾಪೋಕ್ಲು ಸ್ಟೂಡೆಂಟ್
ಜುಲೈ 13, ಸಂಜೆ 7:30

ಸಿಸ್ಟರ್, ಇದನ್ನು ಓದಿ ನಮ್ಮ ಅತ್ತಿಗೆ ನೆನಪಾದರು. ಅವರಿಗೂ ಹೆರಿಗೆಯಲ್ಲಿ ರಕ್ತ ಹೋಗಿತ್ತು, ಹಾಲು ಬಂದಿರಲಿಲ್ಲ. ನಾಲ್ಕು ವರ್ಷ ಆಯಿತು. ಅಣ್ಣನಿಗೆ ಹೇಳುತ್ತೇನೆ.

ವಿರಾಜಪೇಟೆ ಸಿಸ್ಟರ್
ಜುಲೈ 13, ಸಂಜೆ 7:38

ಇವತ್ತೇ ಹೇಳು. ಹೆರಿಗೆಯ ಡಿಸ್ಚಾರ್ಜ್ ಚೀಟಿ ಇದ್ದರೆ ತೆಗೆದುಕೊಂಡು ಹೋಗಲಿ.

ಸೋಮವಾರಪೇಟೆ ಮಗಳು
ಸೆಪ್ಟೆಂಬರ್ 8, ರಾತ್ರಿ 8:50

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಜುಲೈನಲ್ಲಿ ಡಾಕ್ಟರಿಗೆ ಕಾಫಿ, ಕ್ಯಾಲ್ಸಿಯಂ ಎರಡೂ ವಿಷಯ ಹೇಳಿದೆವು. ಅವರು ಡೋಸ್ ಬದಲಾಯಿಸಲಿಲ್ಲ. ಅದೇ 50, ಹೊತ್ತು ಮಾತ್ರ ಸರಿ ಮಾಡಿ, ಎಂಟು ವಾರ ಬಿಟ್ಟು ನೋಡೋಣ ಅಂದರು. ಮಾತ್ರೆ ಐದೂವರೆಗೆ ನೀರಿನಲ್ಲಿ, ಕಾಫಿ ಆರೂವರೆಗೆ, ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಅಪ್ಪ ದಿನಾ ಕ್ಯಾಲೆಂಡರ್‌ನಲ್ಲಿ ಗೀಟು ಹಾಕುತ್ತಾರೆ, ತೋಟದ ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದ ಹಾಗೆ.

ಮೊದಲ ಮೂರು ವಾರ ಏನೂ ವ್ಯತ್ಯಾಸ ಕಾಣಲಿಲ್ಲ, ಅಮ್ಮನಿಗೂ ಬೇಜಾರಾಗಿತ್ತು. ಆಮೇಲೆ ಒಂದು ದಿನ ಶಾಲು ಕುರ್ಚಿ ಮೇಲೆಯೇ ಇತ್ತು, ಅವರು ಹಿತ್ತಲಲ್ಲಿ ಇದ್ದರು. ಮೊನ್ನೆ ರಿಪೋರ್ಟ್ ಬಂತು. ಟಿಎಸ್‌ಎಚ್ 3.6.

ಚಿಕ್ಕಮ್ಮ ಬಂದಿದ್ದರು. ಅವರ ಕೊರಳಿನ ಮುಂದೆ ಸ್ವಲ್ಪ ಊದಿದ ಹಾಗಿದೆ, ನೀರು ನುಂಗುವಾಗ ಮೇಲೆ ಕೆಳಗೆ ಆಡುತ್ತದೆ. ಎಷ್ಟು ದಿನದಿಂದ ಅಂತ ಕೇಳಿದರೆ ಎರಡು ವರ್ಷ ಅಂದರು, ಯಾರಿಗೂ ಹೇಳಿಲ್ಲ. ಇವತ್ತು ಜೊತೆಗೆ ಕರೆದುಕೊಂಡು ಹೋಗಿ ರಕ್ತ ಕೊಟ್ಟು ಬಂದೆವು, ಗುರುವಾರ ಸ್ಕ್ಯಾನ್. ರಿಪೋರ್ಟ್ ನಾಳೆ ಸಂಜೆ ಬರುತ್ತದೆ. ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಇಲ್ಲಿ ಹಾಕುತ್ತೇನೆ, ಸಿಸ್ಟರ್ ದಯವಿಟ್ಟು ನೋಡಿ.